ಚಂದ್ರ ಕಳಚಿಟ್ಟ ಪೊರೆ

ಭಾಗ್ಯಜ್ಯೋತಿಯ ಎಡಮೊಣಕಾಲಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಕಲೆಯೊಂದಿದೆ. ಆರು ವರ್ಷದವಳಿದ್ದಾಗ ಜೂರಾಲದ ಅಣೆಕಟ್ಟು ನೋಡಲು ಹೋಗಿ, ನೀರು ನೋಡುವುದು ಬಿಟ್ಟು ಮೋಡ ನೋಡುತ್ತ ನಡೆದು, ಕಲ್ಲಿನ ಮೇಲೆ ಬಿದ್ದು ಮಾಡಿಕೊಂಡ ಗಾಯ ಅದು. ಹದಿನೈದು ದಿನ ಕಳೆದರೂ ಮಾಯಲಿಲ್ಲ. ಆಗ ಅಜ್ಜಿ ವೀರಬಸಮ್ಮ ಒಂದು ಮಧ್ಯಾಹ್ನ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಬಂದು, ಬೆಳ್ಳಗೆ, ತೆಳ್ಳಗೆ, ಒದ್ದೆಯಾಗಿದ್ದ ಹಾಳೆಯಂಥದ್ದೊಂದನ್ನು ಗಾಯದ ಮೇಲೆ ಅಂಟಿಸಿದ್ದಳು.

"ಏನಜ್ಜಿ ಇದು?"

"ಚಂದಪ್ಪ ಅಮಾಸಿಗೊಮ್ಮೆ ಹಾವಿನ ಹಂಗ ಪೊರಿ ಬಿಡ್ತಾನವ್ವಾ. ಹೊಲದಾಗ ಬಿದ್ದಿತ್ತು, ಹುಡುಕಿ ತಂದೀನಿ. ಯಾರಿಗೂ ಹೇಳಬ್ಯಾಡ. ಹೇಳಿದ್ರ ಊರ ಮಂದಿ ಎಲ್ಲಾ ಹೊಲ ಹೊಕ್ಕು ಬೆಳಿ ತುಳದಾರು."

ಮೂರು ದಿನಕ್ಕೆ ಪೊರೆ ಒಣಗಿ ಉದುರಿತು, ಗಾಯ ಮಾದಿತ್ತು. ಭಾಗ್ಯಜ್ಯೋತಿ ಯಾರಿಗೂ ಹೇಳಲಿಲ್ಲ. ಮುಂದೆ ಮಹಬೂಬನಗರದಲ್ಲಿ ಬಿ.ಎಸ್‌ಸಿ. ಓದಿ, ಚಂದ್ರನ ಮೇಲೆ ಕಲ್ಲು ಮತ್ತು ಧೂಳು ಬಿಟ್ಟರೆ ಏನೂ ಇಲ್ಲವೆಂದು ಪರೀಕ್ಷೆಯಲ್ಲಿ ಬರೆದು ಪಾಸಾದ ಮೇಲೂ ಹೇಳಲಿಲ್ಲ. ಬರೆಯುವುದು ಬೇರೆ, ಮೊಣಕಾಲು ಬೇರೆ.

ಈಗ ಅವಳು ಮಕ್ತಲದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಅವಳು ಗುರುತ್ವಾಕರ್ಷಣೆ ಹೇಳಲು ನಿಂತರೆ ನಡುವೆ ಒಬ್ಬ ರಾಜಕುಮಾರಿ ಬಾವಿಗೆ ಉಂಗುರ ಬೀಳಿಸುತ್ತಿದ್ದಳು. ಗಂಟೆ ಹೊಡೆಯುವಾಗ ಉಂಗುರ ಇನ್ನೂ ಬೀಳುತ್ತಲೇ ಇರುತ್ತಿತ್ತು. ಹೋದ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಅವಳು ಮಾಡಿದ ಜ್ವಾಲಾಮುಖಿ ಮುಖ್ಯ ಅತಿಥಿಗಳ ಬಿಳಿ ಶಾಲನ್ನು ಕೆಂಪು ಮಾಡಿ ಕಳಿಸಿತ್ತು. ಹೆಡ್‌ಮಾಸ್ಟರ್ ಮಾರ್ಕಂಡೇಯ ಅದನ್ನು ಮರೆತಿರಲಿಲ್ಲ.

"ನೋಡಮ್ಮಾ ಭಾಗ್ಯಜ್ಯೋತಿ," ಎಂದಿದ್ದರು, "ಬರೋ ಗುರುವಾರ ನಾರಾಯಣಪೇಟೆಯಾಗ ಜಿಲ್ಲಾ ಪ್ರದರ್ಶನ ಐತಿ. ಈ ಸಲಾನೂ ಏನರ ಎಡವಟ್ಟಾತಂದ್ರ ಸೈನ್ಸು ರಜಿನಿ ಟೀಚರಿಗೆ ಕೊಟ್ಟುಬಿಡ್ತೀನಿ. ನೀವು ಎಲ್‌ಕೆಜಿಗೆ ಹೋಗಿ ಚಪ್ಪಾಳಿ ಹಾಡು ಹೇಳಿಕೊಡ್ರಿ. ನಿಮಗೂ ಛಲೋ, ಅತಿಥಿಗಳ ಶಾಲಿಗೂ ಛಲೋ."

ಆದ್ದರಿಂದ ಅವಳು ಈ ಸಲ ಹೊಗೆ ಬೆಂಕಿಯ ಗೊಡವೆಗೇ ಹೋಗಲಿಲ್ಲ. ಮೊಟ್ಟೆಯೊಂದನ್ನು ಎರಡು ದಿನ ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಹಾಕಿದರೆ ಗಟ್ಟಿ ಚಿಪ್ಪು ಗುಳ್ಳೆ ಗುಳ್ಳೆಯಾಗಿ ಕರಗಿಹೋಗಿ, ಒಳಗಿನ ಪೊರೆಯಷ್ಟೇ ಉಳಿಯುತ್ತದೆ. ಆ ಪೊರೆ ಎಷ್ಟು ಗಟ್ಟಿಯೆಂದರೆ, ಚಿಪ್ಪಿಲ್ಲದ ಮೊಟ್ಟೆಯನ್ನು ಗೇಣುದ್ದದಿಂದ ಕೈಬಿಟ್ಟರೆ ಒಡೆಯುವುದಿಲ್ಲ, ಪುಟಿಯುತ್ತದೆ. ನಾವೆಲ್ಲ ಚಿಪ್ಪೇ ಕಾಯುತ್ತದೆ ಅಂದುಕೊಂಡಿದ್ದೇವೆ. ನಿಜಕ್ಕೂ ಕಾಯುವುದು ಒಳಗಿರುವ ಈ ತೆಳು ಬಟ್ಟೆ. ಇದನ್ನು ತೋರಿಸಿ ನಾಲ್ಕು ಮಾತು ಹೇಳಿದರೆ ಸಾಕಿತ್ತು.

ಪಕ್ಕದ ಓಣಿಯಲ್ಲಿ ಕೋಳಿ ಸಾಕುವ ಜಮ್ಮುಲಮ್ಮನ ಹತ್ತಿರ ಐದು ಮೊಟ್ಟೆ, ನೂಡಲ್ಸ್ ಬಂಡಿಯವನ ಹತ್ತಿರ ಒಂದು ಬಾಟಲಿ ಸಿರ್ಕಾ ತಂದಳು. ಶಾಲೆಯಲ್ಲಿ ಇಟ್ಟ ಮೊದಲ ಮೊಟ್ಟೆಯನ್ನು ಏಳನೇ ತರಗತಿಯವರು ಮುಟ್ಟಿ ಮುಟ್ಟಿ ಒಡೆದರು. ಎರಡನೆಯದನ್ನೂ ಮೂರನೆಯದನ್ನೂ ಬೆಕ್ಕು ಮುಗಿಸಿತು. ನಾಲ್ಕನೆಯದನ್ನು ಆಯಾ, ಟೀಚರು ಮಧ್ಯಾಹ್ನದ ಊಟಕ್ಕೆ ತಂದಿದ್ದಾರೆಂದು ತಿಳಿದು ಪ್ರೀತಿಯಿಂದ ಹುರಿದುಕೊಟ್ಟಳು. ಉಳಿದದ್ದು ಒಂದು. ಶನಿವಾರ ಬಂದಿತ್ತು. ಅದನ್ನು ಮನೆಗೆ ತರದೆ ಗತಿಯಿರಲಿಲ್ಲ.

ಆದರೆ ಅದು ಎಂಥ ಮನೆ! ಕೃಷ್ಣೆಯ ಆಚೆ ದಡದ ರಾಯಚೂರು ಸೀಮೆಯಿಂದ ಬಂದ ಲಿಂಗವಂತರ ಮನೆ. ಮೂರು ಹೊತ್ತು ವಿಭೂತಿ, ಎರಡು ಹೊತ್ತು ಪೂಜೆ. ಅಲ್ಲಿ ಯಾರಾದರೂ ತತ್ತಿ ಎಂಬ ಮಾತೆತ್ತಿದರೆ ಬಾಯಿ ಮುಕ್ಕಳಿಸಿ ಬರಬೇಕು. ಅಡಿಗೆಮನೆಯಲ್ಲಿ ಅವ್ವ ಹಂಪಮ್ಮನ ಕಣ್ಣು ತಪ್ಪಿಸಿ ಜೀರಿಗೆ ಕಾಳೂ ಅಡಗುವುದಿಲ್ಲ. ಭಾಗ್ಯಜ್ಯೋತಿಯ ಸ್ವಂತ ಕೋಣೆಗೆ ಓಣಿಯ ಬೆಕ್ಕು ಬರುತ್ತದೆ. ಬೆಕ್ಕು ಕಾಲಿಡದ ಜಾಗ ಒಂದೇ, ಅಜ್ಜಿಯ ಗಂಟೆಗೆ ಹೆದರಿ: ದೇವರಮನೆ. ಭಾಗ್ಯಜ್ಯೋತಿ ಮೂರು ಸಲ ಗಲ್ಲ ಬಡಿದುಕೊಂಡು, ದೇವರಮನೆಯ ಮೇಲುಗೂಡಿನಲ್ಲಿ, ಹಳೇ ಪಂಚಾಂಗಗಳ ಹಿಂದೆ ಗಾಜಿನ ಬಟ್ಟಲು ಇಟ್ಟಳು.

ಸೋಮವಾರ ಬೆಳಗ್ಗೆ ನೋಡಿದರೆ ಚಿಪ್ಪು ಪೂರ್ತಿ ಹೋಗಿತ್ತು. ಸಿರ್ಕಾ ಚೆಲ್ಲಿ, ತೊಳೆದು, ಅಂಗೈಯಲ್ಲಿ ಹಿಡಿದಳು. ತಣ್ಣಗೆ, ಮೆತ್ತಗೆ, ಬೆಳಕು ಹಾಯುವ ಗುಂಡು. ಒಳಗೆ ಹೊನ್ನಿನ ಬಣ್ಣದ ಸಣ್ಣ ಸೂರ್ಯ ತೇಲುತ್ತಿದ್ದ. ಯಾಕೋ ಎಡಮೊಣಕಾಲು ಜುಮ್ಮೆಂದಿತು. ಬರೇ ಬಟ್ಟಲಿನಲ್ಲಿ ಅದನ್ನು ಗೂಡಿಗೆ ಸೇರಿಸಿ, ಅರ್ಧ ಕನಸಿನಲ್ಲೇ ಶಾಲೆಗೆ ಹೋದಳು.

ಸಂಜೆ ಬಂದಾಗ ಬಾಗಿಲಲ್ಲಿ ಹತ್ತು ಜೊತೆ ಚಪ್ಪಲಿ. ಒಳಗೆ ಭಜನೆ.

"ಬಾ ನನ್ನವ್ವಾ," ಅಜ್ಜಿ ಕೂತಲ್ಲಿಂದಲೇ ಕೈ ಚಾಚಿದಳು, "ನಮ್ಮನಿಗೆ ಯಾರು ಬಂದಾರ ನೋಡು."

ಹಿತ್ತಾಳೆ ತಟ್ಟೆ. ಅದರಲ್ಲಿ ಬಿಲ್ವಪತ್ರೆ. ಪತ್ರೆಯ ನಡುವೆ, ಮೂರು ಬೆರಳಿನ ವಿಭೂತಿ ಧರಿಸಿ, ತಲೆಯ ಮೇಲೊಂದು ಕಣಗಿಲೆ ಹೂ ಇಟ್ಟುಕೊಂಡು, ಜಮ್ಮುಲಮ್ಮನ ಕೋಳಿಯ ಐದನೇ ಮೊಟ್ಟೆ ವಿರಾಜಮಾನವಾಗಿತ್ತು.

"ಹಳೇ ಪಂಚಾಂಗ ತೆಗಿಯಾಕ ಗೂಡಿಗೆ ಕೈ ಹಾಕಿದ್ನೆ, ತಣ್ಣಗ ಕೈಗೆ ಬಂದ್ರು ಸ್ವಾಮಿ. ಸ್ಫಟಿಕಲಿಂಗ! ಅದೂ ಸೋಮವಾರ!" ಅಜ್ಜಿ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. "ನಾ ಮದುವ್ಯಾಗಿ ಹರಗೋಲಿನಾಗ ಹೊಳಿ ದಾಟುವಾಗ ನಮ್ಮವ್ವ ಕೊಟ್ಟ ಸ್ಫಟಿಕಲಿಂಗ ಕೈ ಜಾರಿ ನೀರಿಗೆ ಬಿದ್ದಿತ್ತು. ಐವತ್ತೆಂಟು ವರ್ಷ ಆತು. ಹುಡುಕ್ಕೋತ ಹುಡುಕ್ಕೋತ ಬಂದಾರ ನೋಡು."

ಭಾಗ್ಯಜ್ಯೋತಿಯ ಬಾಯಿ ತೆರೆಯಿತು. ಅಜ್ಜಿಯ ಕಣ್ಣಲ್ಲಿ ನೀರಿತ್ತು. ತೆರೆದ ಬಾಯಿ ಹಾಗೇ ಮುಚ್ಚಿತು. ಹತ್ತು ಮಂದಿ ಹೆಂಗಸರೆದುರು "ಅದು ತತ್ತಿ" ಎನ್ನುವ ಧೈರ್ಯ ಯಾವ ಬಿ.ಎಸ್‌ಸಿ.ಯೂ ಕಲಿಸುವುದಿಲ್ಲ. ನಾಳೆ ಹೇಳಿದರಾಯಿತು, ಮೆತ್ತಗೆ, ಒಬ್ಬಳೇ ಇದ್ದಾಗ. ಸದ್ಯಕ್ಕೆ ಒಡೆಯದಿದ್ದರೆ ಸಾಕು.

ಆದರೆ ಅಷ್ಟರಲ್ಲಿ ಅಜ್ಜಿ ಮಠದ ಶರಣಯ್ಯನವರಿಗೆ ಫೋನು ಹಚ್ಚಿಸಿದ್ದಳು. ಮಕ್ತಲದ ಮನೆಮನೆಯ ಪೂಜೆ ಪುನಸ್ಕಾರಗಳೆಲ್ಲ ಅವರ ಕೈಯಲ್ಲೇ. ಅವರು ಧನ್ವಾಡದಲ್ಲಿ ಒಂದು ಗೃಹಪ್ರವೇಶದ ಗದ್ದಲದೊಳಗಿಂದ ಕೂಗಿದರು: "ನೀರಾಗ ಇಡ್ರಿ ಅಮ್ಮಾರ! ಜಲಾಧಿವಾಸ! ಹೊಸಾ ಮೂರ್ತಿ ಮೊದಲು ನೀರಾಗ ಇರಬೇಕು. ನಾಳೆ ಸಂಜಿಕ ಬಂದು ನೋಡ್ತೀನಿ."

ನೀರಿನಲ್ಲಿಟ್ಟರು. ಆ ಪೊರೆಗೆ ಗಾಳಿಯನ್ನೂ ನೀರನ್ನೂ ಒಳಗೆ ಬಿಟ್ಟುಕೊಳ್ಳುವ ಗುಣವಿದೆಯೆಂದು ಇಡೀ ಮನೆಯಲ್ಲಿ ಒಬ್ಬಳಿಗೇ ಗೊತ್ತಿತ್ತು, ಅವಳೇ ಮೂಕಳಾಗಿದ್ದಳು. ಮಂಗಳವಾರ ಬೆಳಗ್ಗೆ ಅಜ್ಜಿಯ ಕೂಗಿಗೆ ಓಣಿ ಎದ್ದಿತು.

"ಬೆಳದಾರ! ಹಂಪಮ್ಮಾ, ದಾರ ತಾ! ನಿನ್ನೆ ಅಳತಿ ಮಾಡಿದ್ದೆ, ಇವತ್ತು ದಾರ ಸಾಲವಲ್ದು! ನೀರು ಕುಡದಾರ ಸ್ವಾಮಿ!"

ಎಂಟು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಕಥೆಯೂ ಲಿಂಗದ ಜೊತೆ ಬೆಳೆಯಿತು. ಮೊದಲ ಗುಂಪಿಗೆ ಅಜ್ಜಿ ಹರಗೋಲಿನ ಕಥೆಯಷ್ಟೇ ಹೇಳಿದ್ದಳು. ಎರಡನೇ ಗುಂಪಿಗೆ ಅದರಲ್ಲಿ ಒಂದು ಮೀನು ಬಂತು. ಮೂರನೆಯವರ ಹೊತ್ತಿಗೆ ಗದ್ವಾಲದ ಕೋಟೆಯ ರಾಣಿಯೊಬ್ಬಳು ಮೀನನ್ನು ಕೊಯ್ಯಬೇಡಿರೆಂದು ಕೈಮುಗಿದು ನಿಂತಿದ್ದಳು. ಭಾಗ್ಯಜ್ಯೋತಿ ಶಾಲೆಗೆ ಹೊತ್ತಾಗುತ್ತಿದ್ದರೂ ರಾಣಿ ಮುಂದೇನು ಮಾಡಿದಳೆಂದು ಕೇಳುತ್ತ ನಿಂತುಬಿಟ್ಟಳು.

ಆ ಗುಂಪಿನಲ್ಲಿ ಜಮ್ಮುಲಮ್ಮನೂ ಇದ್ದಳು. ಹಣೆ ಮುಟ್ಟಿ ನಮಸ್ಕಾರ ಮಾಡಿ ತಲೆಯೆತ್ತಿದವಳು, ಕಣ್ಣು ಕಿರಿದು ಮಾಡಿ, ಭಾಗ್ಯಜ್ಯೋತಿಯ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಇದಿ ಮಾ ಕೋಡಿ ಗುಡ್ಡೇ ಕದಮ್ಮಾ?" ಇದು ನಮ್ಮ ಕೋಳಿಯ ಮೊಟ್ಟೆಯೇ ಅಲ್ಲವೇನಮ್ಮ ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು.

"ನಿಮ್ಮ ಕಾಲು ಬೀಳ್ತೀನಿ, ಸುಮ್ನಿರ್ರಿ."

"ನಾನ್ಯಾಕ ಹೇಳ್ಲಿ? ಐದು ವರ್ಷದಿಂದ ಸಾಕೀನಿ, ಇಂಥಾ ಸಂತಾನ ಹಡೀತೈತಂತ ಗೊತ್ತಿದ್ದಿಲ್ಲ!" ಎಂದು ಕಣ್ಣೊರೆಸಿಕೊಂಡು ಹೋದಳು. ಸಂಜೆಗೆ ಆ ಕೋಳಿಯ ಹಣೆಯಲ್ಲಿ ಕುಂಕುಮ ಕಂಡಿತು.

ಮಂಗಳವಾರವೆಂದರೆ ಅಪ್ಪ ಬಸವಪ್ರಸಾದರು ಗದ್ವಾಲಕ್ಕೆ ಹೋಗುವ ದಿನ. ಮಕ್ತಲದ ಬಜಾರದಲ್ಲಿ ಅವರದು ಸೀರೆಯ ಅಂಗಡಿ. ವಾರಕ್ಕೊಮ್ಮೆ ನೇಕಾರರ ಮನೆಗೆ ಹೋಗಿ ಗದ್ವಾಲ ಸೀರೆ ಆರಿಸಿ ತರುತ್ತಾರೆ, ಬರುವಾಗ ತಪ್ಪದೆ ಲವಂಗ ಜಗಿಯುತ್ತ ಬರುತ್ತಾರೆ. ನಾಲ್ಕಕ್ಕೆ ಬಂದವರು ಸೀರೆಗಂಟು ಇಳಿಸಿ, ಕೈಕಾಲು ತೊಳೆದು, ದರ್ಶನಕ್ಕೆ ಬಾಗಿ ನೋಡಿದರು. ಬಾಗಿದವರು ಹಾಗೇ ನಿಂತರು. ಬಾಯಲ್ಲಿದ್ದ ಲವಂಗ ಗಂಟಲಿಗೆ ಹೋಗಿ ಕೆಮ್ಮು ಬಂತು.

"ಏನಾತ್ರೀ?" ಹಂಪಮ್ಮ ಓಡಿ ಬಂದಳು.

"ಏನಿಲ್ಲ. ಭಕ್ತಿ."

ಸ್ವಲ್ಪ ಹೊತ್ತಿಗೆ ಮಗಳನ್ನು ನೀರಿನ ಹಂಡೆಯ ಹಿಂದೆ ನಿಲ್ಲಿಸಿ ಕೇಳಿದರು. "ಏನಿದು ಭಾಗ್ಯಾ? ಅದು ತತ್ತಿ ಐತಿ."

"ಅದಕ್ಕ ಚಿಪ್ಪಿಲ್ಲಪ್ಪಾ. ನಿಮಗ ಹ್ಯಾಂಗ ಗೊತ್ತಾತು?"

ಬಸವಪ್ರಸಾದರು ಹಂಡೆಯ ಕಡೆ ನೋಡಿದರು, ಬೇವಿನ ಗಿಡದ ಕಡೆ ನೋಡಿದರು. ಗದ್ವಾಲದ ಬಸ್‌ಸ್ಟ್ಯಾಂಡಿನೆದುರು ಒಂದು ಬಂಡಿ, ಅದರ ಮೇಲೊಂದು ಹೆಂಚು, ಹೆಂಚಿನ ಅಂಚಿಗೆ ತಟ್ಟಿ ಒಡೆದ ಮೊಟ್ಟೆ ಹರಿದುಬಿದ್ದಾಗ ಚಿಪ್ಪಿಗಂಟಿ ಜೋತಾಡುವ ಪೊರೆ, ಇವೆಲ್ಲ ಅವರ ಕಣ್ಣಲ್ಲಿ ಹಾದುಹೋದದ್ದು ಮಗಳಿಗೆ ಸ್ಪಷ್ಟವಾಗಿ ಕಂಡಿತು.

"ಕೇಳೀನಿ," ಎಂದರು ಕೊನೆಗೆ.

"ಯಾರ ಕಡಿಂದ?"

"ಲಿಂಗಾನ ಇರಬೇಕು ಬಿಡು," ಎಂದು ಅಂಗಡಿಗೆ ಹೊರಟರು.

ಆಗ ಭಾಗ್ಯಜ್ಯೋತಿಗೆ ಹೊಳೆಯಿತು. ಈ ಮನೆಯಲ್ಲಿ ಅದು ತತ್ತಿ ಎಂದು ಬಾಯಿಬಿಟ್ಟವರು ಮೊದಲು ತಮ್ಮ ಹೊಟ್ಟೆಯ ಚರಿತ್ರೆ ಹೇಳಬೇಕಾಗುತ್ತದೆ.

ಸಂಜೆ ಶರಣಯ್ಯನವರು ಬಂದರು. ಎಪ್ಪತ್ತರ ವಯಸ್ಸು, ಹೊಸದಾಗಿ ಎರಡೂ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ಹೈದರಾಬಾದಿನ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದವರು. ಕನ್ನಡಕ ಏರಿಸಿ ದೀಪ ಹತ್ತಿರ ಹಿಡಿದರು. ಒಳಗಿನ ಸೂರ್ಯ ಹೊಳೆದ.

"ಆಹಾ! ಏನು ತೇಜಸ್ಸು! ಮ್ಯಾಲೆ ಬೆಳ್ಳಗ, ಒಳಗ ಹಳ..." ಎಂದು ನಿಲ್ಲಿಸಿಬಿಟ್ಟರು. ಮೂಗು ಹತ್ತಿರ ಒಯ್ದರು. ಹಿಂದಕ್ಕೆ ತಂದರು. ಅವರ ಹಣೆಯ ವಿಭೂತಿಯ ಮೇಲೆ ಬೆವರಿನ ಒಂದು ಹನಿ ಇಳಿಯಿತು.

"ಒಳಗ ಏನು, ಅಯ್ಯಾ?" ಎಂದಳು ಅಜ್ಜಿ.

"ಹಳೇದು ಅಂದೆ. ಬಾಳ ಹಳೇದು. ಪುರಾತನ."

"ಹಂಗಾರ ಮುಂದ ಧಾನ್ಯಾಧಿವಾಸ ಅಲ್ಲೇನು? ಮೂರ್ತಿನ ಕಾಳಿನಾಗ ಹುಗೀತಾರಲ್ಲ. ಜ್ವಾಳದ ಚೀಲ ತೆಗಿಸೀನಿ."

ಪಡಸಾಲೆಯಲ್ಲಿ ಜೋಳದ ಚೀಲ ಬಾಯಿ ತೆರೆದು ನಿಂತಿತ್ತು. ನೀರು ಕುಡಿದು ಬಿಗಿದ ಪೊರೆಯ ಮೇಲೆ ಅಷ್ಟು ಕಾಳು ಬಿದ್ದರೆ ಪಟ್ಟೆಂದು ಹೋಗುವುದು ಖಾತ್ರಿ. ಗುರುವಾರಕ್ಕೆ ಇನ್ನೊಂದು ಮೊಟ್ಟೆಯ ಚಿಪ್ಪು ಕರಗಿಸಲು ಹೊತ್ತಿರಲಿಲ್ಲ. ಭಾಗ್ಯಜ್ಯೋತಿಗೆ ಎಲ್‌ಕೆಜಿಯ ಚಪ್ಪಾಳೆ ಹಾಡು ಕಿವಿಯಲ್ಲೇ ಕೇಳಿಸಿತು. ಮುಖ ಬಿಳಿಚಿಕೊಂಡಿತು.

"ಜೇನು!" ಎಂದು ಚೀರಿದಳು. "ಮೊದಲು ಜೇನಿನಾಗ ಇಡಬೇಕಲ್ಲೇನ್ರಿ ಅಯ್ಯಾರ?"

ಶರಣಯ್ಯನವರಿಗೆ ಮುಳುಗುವಾಗ ಹಗ್ಗ ಸಿಕ್ಕಂತಾಯಿತು. "ಹೌದ್ಹೌದು! ಮಧು! ಮಧುವಿನಾಗ ಇಡ್ರಿ! ಜ್ವಾಳ ಆಮ್ಯಾಲೆ ನೋಡೋಣು," ಎಂದವರೇ, ಕೊಟ್ಟ ಹಾಲೂ ಕುಡಿಯದೆ, ಹೊಸ ಮೊಣಕಾಲುಗಳ ಮೇಲೆ ಆಶ್ಚರ್ಯವಾಗುವಷ್ಟು ಬೇಗ ನಡೆದುಹೋದರು. ಅಜ್ಜಿ ಮೊಮ್ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಜೇನಿನ ಭರಣಿ ತರಲು ಎದ್ದಳು.

ಜೇನಿನಲ್ಲಿಟ್ಟರೆ ಪೊರೆಯೊಳಗಿನ ನೀರು ಹೊರಗೆ ಬಂದು ಬಿಗುವು ಇಳಿಯುತ್ತದೆ ಎಂಬುದು ಭಾಗ್ಯಜ್ಯೋತಿಗೆ ಗೊತ್ತಿತ್ತು. ಇಷ್ಟು ಇಳಿಯುತ್ತದೆಂದು ಗೊತ್ತಿರಲಿಲ್ಲ. ಬುಧವಾರ ಬೆಳಗ್ಗೆ ನೋಡಿದರೆ ಸ್ವಾಮಿ ಸೊರಗಿ, ಸುಕ್ಕುಗಟ್ಟಿ, ಎರಡು ದಿನ ಹಾಲಿಲ್ಲದ ಕರುವಿನ ಹಾಗೆ ಬಟ್ಟಲಿನ ತಳದಲ್ಲಿ ಮಲಗಿದ್ದ.

ಅಜ್ಜಿ ಚೀರಲಿಲ್ಲ. ಸೆರಗು ಸರಿಮಾಡಿಕೊಂಡು ಮನೆಯವರನ್ನೆಲ್ಲ ಕರೆದಳು. ಶರಣಯ್ಯನವರಿಗೂ ಹೇಳಿಕಳಿಸಿದಳು. ಓಣಿಯ ಬಾಗಿಲು ಹಾಕಿಸಿದಳು.

"ಸ್ವಾಮಿ ಮುನಿಸಿಕೊಂಡಾರ," ಎಂದಳು. "ಈ ಕ್ವಾಣ್ಯಾಗ ಯಾರೋ ಏನೋ ಮುಚ್ಚಿಟ್ಟೀರಿ. ಹೇಳಿದ್ರ ತುಂಬಕೋತಾರ. ಇಲ್ಲಾಂದ್ರ ಹಿಂಗ ಬಾಡಿ ಹೋಗ್ತಾರ. ಹೇಳ್ರಿ."

ಗೋಡೆಯ ಹಲ್ಲಿ ಲೊಚಗುಟ್ಟಿತು. ಅದಕ್ಕೇ ಬಸವಪ್ರಸಾದರ ಧೈರ್ಯ ಕಳಚಿಬಿತ್ತು.

"ಯವ್ವಾ, ಗದ್ವಾಲದಾಗ. ಮಂಗಳಾರಕ್ಕೊಮ್ಮೆ. ಆಮ್ಲೆಟ್. ಒಂದs ಒಂದು."

"ಒಂದಕ್ಕ ಅಷ್ಟು ಲವಂಗ ಬೇಕೇನು?"

"ಎರಡು."

ಹಂಪಮ್ಮ ಗಂಡನ ಕಡೆ ಉರಿಗಣ್ಣು ಬಿಟ್ಟಳು. ಆಮೇಲೆ ಆ ಕಣ್ಣು ತಾನಾಗಿ ನೆಲಕ್ಕಿಳಿಯಿತು. "ಬೇಕರಿ ಕೇಕಿನಾಗೂ ಇರ್ತೈತಂತ ಅತ್ತಿ. ಗೊತ್ತಿಲ್ದ ತಿಂದಿದ್ದೆ. ಗೊತ್ತಾದ ಮ್ಯಾಗೂ ತಿಂದೆ."

ಶರಣಯ್ಯನವರು ಎರಡೂ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. "ಡಾಕ್ಟರು ಹೇಳಿದ್ರು, ಎಲಬು ಕೂಡಬೇಕಂದ್ರ ದಿನಾ ಎರಡು," ಎಂದರು ಸಣ್ಣ ದನಿಯಲ್ಲಿ. "ಬಿಳೀದು ಅಷ್ಟs ಅಮ್ಮಾರ. ಹಳದಿ ಮುಟ್ಟಿಲ್ಲ. ಶಿವನಾಣಿ, ಹಳದಿ ಮುಟ್ಟಿಲ್ಲ."

ಉಳಿದದ್ದು ಭಾಗ್ಯಜ್ಯೋತಿ. ಅವಳು ಅಜ್ಜಿಯ ಎದುರು ಕೂತು, ಸಿರ್ಕಾ, ಬೆಕ್ಕು, ಆಯಾ, ನಾರಾಯಣಪೇಟೆ, ಎಲ್‌ಕೆಜಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ ಬಟ್ಟಲಿನ ಕಡೆ ಕೈ ತೋರಿಸಿದಳು. "ಅದು ನಿನ್ನ ಲಿಂಗ ಅಲ್ಲಜ್ಜಿ. ತತ್ತಿ. ನಾನs ಇಟ್ಟಿದ್ದೆ. ನಿನ್ನ ಕಣ್ಣೀರು ನೋಡಿ ಹೇಳಾಕ ಆಗಲಿಲ್ಲ."

ಅಜ್ಜಿ ಜೇನಿನಿಂದ ಅದನ್ನು ಎರಡು ಬೆರಳಿನಲ್ಲಿ ಎತ್ತಿದಳು, ಗಾಯಕ್ಕೆ ಕೈಹಾಕುವವರ ಹಾಗೆ.

"ಸೋಮಾರ ದಿನ ಖರೇನ ನಂಬಿದ್ದೆ," ಎಂದಳು. "ಆ ಒಂದು ದಿನ ಛಲೋ ಇತ್ತು ಬಿಡು. ಮಂಗಳಾರ ಮಧ್ಯಾಹ್ನ ನೀರಾಗಿಂದ ಎತ್ತಿ ಒರಸುವಾಗ ಬೆರಳಿಗೆ ಗೊತ್ತಾತು. ಇಂಥಾ ಪೊರಿನ ನಾ ಈ ಉಗುರಿಲೇ ಬಿಡಿಸೀನಿ. ಜಮ್ಮುಲಮ್ಮನ ಹಿತ್ತಲದಾಗ ಕುಂತು, ಚಿಪ್ಪಿನೊಳಗಿಂದ, ಹರೀಲಾರದಂಗ. ನಿನ್ನ ಮೊಣಕಾಲಿಗೆ."

ಭಾಗ್ಯಜ್ಯೋತಿಯ ಕೈ ತಾನಾಗಿ ಎಡಮೊಣಕಾಲಿಗೆ ಹೋಯಿತು. "ಅದು ಚಂದಪ್ಪಂದು ಅಂದಿದ್ದಿ!"

"ಮತ್ತೇನು, ನಿಮ್ಮಪ್ಪನ ಮುಂದ ತತ್ತಿದು ಅನ್ನಬೇಕಿತ್ತೇನು? ಅವನು ಆಗ ಬಾಳ ಮಡಿವಂತ ಇದ್ದ."

ಬಸವಪ್ರಸಾದರು ಸೂರಿನ ಕಡೆ ನೋಡಿದರು.

"ಹಂಗಾರ ಮಂಗಳಾರನ ಯಾಕ ಹೇಳಲಿಲ್ಲ ಅಜ್ಜಿ?"

"ನಿನಗ ಹ್ಯಾಂಗ ಗೊತ್ತು ಅಂತ ಕೇಳಿದ್ರ ಏನು ಹೇಳ್ಲಿ? ಜ್ವಾಳದಾಗ ಹುಗದ್ರ ತಾನs ಒಡದು ಹೋಗ್ತೈತಿ, ಸ್ವಾಮಿ ಐಕ್ಯ ಆದ್ರು ಅಂತ ಹೇಳಿ ಮುಗಿಸಿಬಿಡಬೇಕಂತಿದ್ದೆ. ಅಷ್ಟರಾಗ ನಿನ್ನ ಮಾರಿ ಬಿಳೀ ಆತು. ಈ ಅಯ್ಯಾರು ಹಳದಿ ಅನ್ನಾಕ ಹೋಗಿ ಹಳೇದು ಅಂದ್ರು. ನಿಮ್ಮಪ್ಪಗ ಭಕ್ತಿ ಬಂತು. ಆಗ ತಿಳೀತು, ಈ ಮನ್ಯಾಗ ನಾ ಒಬ್ಬಾಕಿನs ಅಲ್ಲ ಅಂತ."

ಶರಣಯ್ಯನವರೇ ಮೊದಲು ನಕ್ಕದ್ದು. ಹೊಟ್ಟೆ ಹಿಡಿದುಕೊಂಡು, ಹೊಸ ಮೊಣಕಾಲು ನೋಯುವ ಹಾಗೆ ನಕ್ಕರು. ಆಮೇಲೆ ಯಾರು ನಗುತ್ತಿದ್ದಾರೆ, ಯಾರು ಬಾಯಿ ಮುಚ್ಚಿಕೊಂಡಿದ್ದಾರೆ ಎಂದು ಗೊತ್ತಾಗದಂತಾಯಿತು.

ಅಜ್ಜಿ ಮಾತ್ರ ಬಟ್ಟಲಿಗೆ ತಿಳಿನೀರು ಹಾಕಿಸುತ್ತಿದ್ದಳು. "ನೀರಾಗ ಇಟ್ರ ಉಬ್ಬತೈತಿ, ಜೇನಾಗ ಇಟ್ರ ಬಾಡತೈತಿ. ಇವತ್ತು ಸಂಜಿಮಟ ಇಲ್ಲಿರಲಿ. ಪೂರಾ ಬಿಗೀಬಾರದು. ನಾನೂ ಬರ್ತೀನಿ ನಾಳೆ. ನೀನು ಒಬ್ಬಾಕಿ ಹಿಡಕೊಂಡು ಹೋದ್ರ ಮೋಡ ನೋಡ್ಕೋತ ಕೆಡವತಿ."

ಗುರುವಾರ ಬೆಳಗಿನ ನಾರಾಯಣಪೇಟೆ ಬಸ್ಸಿನಲ್ಲಿ ಅಜ್ಜಿ ತೊಡೆಯ ಮೇಲೆ ಹಿತ್ತಾಳೆ ತಂಬಿಗೆ ಇಟ್ಟುಕೊಂಡು ಕೂತಳು. ಬಸ್ಸು ಕುಣಿದಾಗಲೆಲ್ಲ ಡ್ರೈವರನ ವಂಶವನ್ನು ವಿಚಾರಿಸಿದಳು. ಪ್ರದರ್ಶನದ ಮೇಜಿನ ಮೇಲೆ ತಂಬಿಗೆಯಿಂದ ಮೊಟ್ಟೆ ಹೊರಬಂದಾಗ ಅದು ದುಂಡಗೆ, ಹೊಳಪಾಗಿ, ಮೂರು ಬೆರಳಿನ ಹೊಸ ವಿಭೂತಿ ಧರಿಸಿತ್ತು.

"ಅಜ್ಜಿ!"

"ಮೂರು ದಿನ ತಟ್ಯಾಗ ಕುಂತು ಊರ ಮಂದಿ ನಮಸ್ಕಾರ ತಗೊಂಡೈತಿ. ಬರೇ ಹಣಿಲೆ ಹ್ಯಾಂಗ ಕಳಸಲಿ?"

ಶಿಕ್ಷಣ ಇಲಾಖೆಯ ಅಧಿಕಾರಿಗಳೂ ಅತಿಥಿಗಳೂ ಬಂದರು. ಹಿಂದೆ ಮಾರ್ಕಂಡೇಯ, ಅತಿಥಿಗಳ ಶಾಲಿಗೂ ಮೇಜಿಗೂ ನಡುವೆ ತಾವೇ ಅಡ್ಡಗೋಡೆಯಾಗಿ ನಿಂತಿದ್ದರು. ಭಾಗ್ಯಜ್ಯೋತಿ ಹೇಳತೊಡಗಿದಳು: ಕಪ್ಪೆಯ ಮೊಟ್ಟೆಗೆ ಅಂಟಿನ ಅಂಗಿ, ಹಾವಿನ ಮೊಟ್ಟೆಗೆ ತೊಗಲಿನ ಅಂಗಿ, ಕೋಳಿಯದಕ್ಕೆ ಚಿಪ್ಪಿನೊಳಗೆ ಮತ್ತೆರಡು ಪೊರೆ. ಅದು ಗಾಳಿಯನ್ನು ಬಿಡುತ್ತದೆ, ನೀರನ್ನು ಬಿಡುತ್ತದೆ, ರೋಗವನ್ನು ತಡೆಯುತ್ತದೆ. ಎಲ್ಲಿಯೂ ರಾಜಕುಮಾರಿ ಬರಲಿಲ್ಲ. ಬೇಕಾಗಿರಲಿಲ್ಲ.

"ಈ ಮೂರು ಗೀರು ಏನಮ್ಮಾ?" ಎಂದರು ಅಧಿಕಾರಿ.

ಭಾಗ್ಯಜ್ಯೋತಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮುಂದೆ ಬಂದಳು. "ಅಳತಿ ಗೀರು ಸಾಹೇಬ್ರ. ನೀರು ಕುಡದ್ರ ಗೀರು ಅಗಲ ಆಗತಾವು, ಜೇನು ಹಾಕಿದ್ರ ಸಣ್ಣ ಆಗತಾವು. ನಾನs ಮೂರು ದಿನ ದಾರ ಹಿಡದು ನೋಡೀನಿ."

ಅಧಿಕಾರಿ ತಲೆದೂಗಿ ಬರೆದುಕೊಂಡರು. ಭಾಗ್ಯಜ್ಯೋತಿ ಮೊಟ್ಟೆಯನ್ನು ಗೇಣುದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಕೈಬಿಟ್ಟಳು. ಟಪ್ ಎಂದು ಬಿತ್ತು, ಪುಟಿಯಿತು, ಮತ್ತೊಮ್ಮೆ ಪುಟಿದು ನಿಂತಿತು. ಮಾರ್ಕಂಡೇಯರು ಹೋದ ವರ್ಷದಿಂದ ಹಿಡಿದಿದ್ದ ಉಸಿರು ಬಿಟ್ಟರು.

"ರಜಿನಿ ಟೀಚರಿಗೆ ನಾ ಹೇಳ್ತೀನಿ," ಎಂದರು ಅವಳ ಕಿವಿಯ ಹತ್ತಿರ, "ಎಲ್‌ಕೆಜಿಗೆ ಬ್ಯಾರೆ ಯಾರನ್ನರ ನೋಡ್ತೀವಿ."

ಜನ ಕರಗಿದ ಮೇಲೆ ಮೇಜಿನ ಹತ್ತಿರ ಒಬ್ಬ ಸಣ್ಣ ಹುಡುಗಿ ಉಳಿದಿದ್ದಳು. ಮೊಣಕೈಗೆ ಬಟ್ಟೆ ಸುತ್ತಿಕೊಂಡಿದ್ದಳು. "ಇದಕ್ಕ ಮುಟ್ಟಿದ್ರ ನೋವಾಗ್ತೈತೇನಜ್ಜಿ?" ಎಂದು ಮೊಟ್ಟೆಯ ಕಡೆ ಬೆರಳು ಮಾಡಿದಳು.

ಅಜ್ಜಿ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿಯ ಕಣ್ಣು ದೊಡ್ಡವಾದವು.

"ಯಾರಿಗೂ ಹೇಳಬ್ಯಾಡ," ಎಂದದ್ದು ಮಾತ್ರ ಭಾಗ್ಯಜ್ಯೋತಿಗೆ ಕೇಳಿಸಿತು.

ಮಧ್ಯಾಹ್ನದ ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಹಿಂತಿರುಗಿ ನೋಡಿದಳು. ಪ್ರದರ್ಶನ ನಡೆದ ಶಾಲೆಯ ಬಯಲಿನಲ್ಲಿ ಹನ್ನೆರಡೋ ಹದಿಮೂರೋ ಮಕ್ಕಳು ತಲೆ ಬಗ್ಗಿಸಿಕೊಂಡು, ಹುಲ್ಲು ಸರಿಸಿ ಸರಿಸಿ, ನೆಲದ ಮೇಲೆ ಏನನ್ನೋ ಹುಡುಕುತ್ತಿದ್ದರು.